ಮೂರನೇ ಮಹಡಿಯ ನಿದ್ದೆ

ಜೂನ್ 3, ಬೆಳಿಗ್ಗೆ 7.50

ಏಳು ಕಟ್ಟಡಗಳ ಕರೆಂಟು, ಏಳು ಸಾಲು, ಒಂದು ಪರದೆ. ಚಹಾ ಆರುವುದರೊಳಗೆ ನೋಡಿ ಮುಗಿಸಿದೆ. ಎರಡನೆಯದರಲ್ಲಿ ಭಾನುವಾರ ಇಡೀ ದಿನ ನಾಲ್ಕನೇ ಮಹಡಿಯ ದೀಪಗಳು ಉರಿದಿವೆ. ಯಾರಪ್ಪನ ಮನೆ ಗಂಟೋ. ಆರನೆಯದರ ಲಿಫ್ಟ್ ಮೋಟಾರ್ ಯಾಕೋ ಜಾಸ್ತಿ ತಿನ್ನುತ್ತಿದೆ, ವಿಚಾರಿಸಬೇಕು. ಐದನೆಯದು ಮಾತ್ರ ನನ್ನ ಚಿನ್ನ. ಏಪ್ರಿಲ್‌ನಲ್ಲಿ ಇಳಿದದ್ದು ಮತ್ತೆ ಏರಿಲ್ಲ. ಹೋದ ವರ್ಷದ ಇದೇ ವಾರಗಳಿಗಿಂತ ಶೇಕಡಾ ಹದಿನಾಲ್ಕು ಕಡಿಮೆ ಕರೆಂಟು.

ನನ್ನ ಹೊಸ ವೇಳಾಪಟ್ಟಿಯ ಫಲ. ಎ.ಸಿ. ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಶುರು, ಸಂಜೆ ನಲವತ್ತು ನಿಮಿಷ ಬೇಗ ಬಂದ್. ಯಾರೂ ಬೆವರಿಲ್ಲ, ಯಾರಿಗೂ ಗೊತ್ತೂ ಆಗಿಲ್ಲ. ಇಂಥ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಬೇಕು.

ಅದೇ ದಿನ, ಸಂಜೆ

ನಾದಿನಿಗೆ ಇವತ್ತು ಎರಡನೇ ಎಚ್ಚರಿಕೆ ಪತ್ರ. ಕೆಲಸದ ವೇಳೆಯಲ್ಲಿ ನಿದ್ದೆ. ಅವಳಿರುವುದು ಅದೇ ಐದನೇ ಕಟ್ಟಡ, ಮೂರನೇ ಮಹಡಿ — ವಿಮೆ ಕಂಪನಿಯವರ ಫೋನ್ ಆಫೀಸು. ಜನವರಿಯಲ್ಲಿ ಅಲ್ಲಿನ ಮ್ಯಾನೇಜರ್ ಹತ್ತಿರ ಮಾತಾಡಿ ಸೇರಿಸಿದವಳು ನಾನು. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು.

ಗಂಡನ ಮನೆ ಬಿಟ್ಟು ಎರಡು ಸೂಟ್‌ಕೇಸ್ ಹಿಡಿದು ನಮ್ಮಲ್ಲಿಗೆ ಬಂದವಳು. ಖಾಯಂ ಪತ್ರಕ್ಕೆ ಜೀವ ಹಿಡಿದು ಕಾಯುತ್ತಿದ್ದಾಳೆ. ಮೂರು ಬೀದಿ ಆಚೆ ಒಂದು ಕೋಣೆ ನೋಡಿಟ್ಟಿದ್ದಾಳೆ. ಪತ್ರ ತೋರಿಸಿ ಬೀಗದಕೈ ತೆಗೆದುಕೊಂಡು ಹೋಗಿ ಎಂದಿದ್ದಾರಂತೆ ಮನೆ ಒಡತಿ.

"ಮಧ್ಯಾಹ್ನ ಎರಡು ಗಂಟೆ ಆದ್ರೆ ಸಾಕು ಅತ್ತಿಗೆ, ಯಾರೋ ತಲೆ ಮೇಲೆ ಕಂಬಳಿ ಹೊದಿಸಿದ ಹಾಗಾಗುತ್ತೆ. ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ."

"ರಾತ್ರಿ ಮೊಬೈಲ್ ನೋಡೋದು ಬಿಡು, ಎಲ್ಲಾ ಸರಿಹೋಗುತ್ತೆ."

ನೋಡುವುದೇ ಇಲ್ಲ ಎಂದಳು. ನಂಬಲಿಲ್ಲ.

ಜೂನ್ 9

ತಿಂಡಿಯ ಹೊತ್ತಿಗೆ ಮಾತು ಬೆಳೆಯಿತು. ತಮಾಷೆಗೇ ಕೇಳಿದ್ದು — "ಕುಂಭಕರ್ಣನ ತಂಗಿ ಎದ್ದಳಾ?" ಇವರು ಪೇಪರ್ ಸರಿಸಿ, "ಅವಳಣ್ಣ ನಾನು ಕಣೆ, ಹಾಗಾದ್ರೆ ಕುಂಭಕರ್ಣ ಯಾರಾದ ಹಾಗಾಯ್ತು?" ಎಂದರು. ಇಬ್ಬರೂ ನಕ್ಕೆವು. ನಾದಿನಿ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹಿಂದೆಯೇ ಹೋಗಿ ಇನ್ನಷ್ಟು ಹೇಳಿದೆ. ಸೇರಿಸಿದ್ದು ನಾನು, ನಾಳೆ ಆ ಮ್ಯಾನೇಜರ್ ಲಿಫ್ಟಲ್ಲಿ ಸಿಕ್ಕಿದರೆ ಮುಖ ಎಲ್ಲಿಟ್ಟುಕೊಳ್ಳಲಿ, ಇತ್ಯಾದಿ. ನಲ್ಲಿ ಜೋರಾಗಿ ಬಿಟ್ಟು ತಟ್ಟೆ ತೊಳೆದಳು. ಮಾರ್ಚ್‌ನಲ್ಲಿ ಅತಿ ಹೆಚ್ಚು ಕರೆ ತೆಗೆದುಕೊಂಡವಳು ಎಂದು ಇವಳದೇ ಫೋಟೋ ಬೋರ್ಡಿಗೆ ಹಾಕಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ — ಅಷ್ಟೇ ಇರಬೇಕು.

ಜೂನ್ 12, ಸಂಜೆ 6

ನಮ್ಮ ಕಂಪನಿಯ ದೊಡ್ಡವರು ಮೀಟಿಂಗ್ ಕರೆದಿದ್ದರು. ಗೋಡೆಯ ಮೇಲೆ ಐದನೇ ಕಟ್ಟಡದ ಕರೆಂಟಿನ ಗೆರೆ. ಎಲ್ಲರೂ ನೋಡಿದರು. "ಇದನ್ನ ಏಳಕ್ಕೂ ಮಾಡಿ. ಆಮೇಲೆ ಬೇರೆ ಊರಿನ ಇಪ್ಪತ್ತೆರಡು ಕಟ್ಟಡಾನೂ ನೀವೇ ನೋಡ್ಕೊಳ್ಳಿ" ಎಂದರು. ಅಂದರೆ ಹೊಸ ಹುದ್ದೆ. ನನ್ನ ಕೈಕೆಳಗೆ ಒಂಬತ್ತು ಜನ. ಹತ್ತೊಂಬತ್ತು ವರ್ಷ ಮೀಟರು ಓದಿದ್ದಕ್ಕೆ.

ಖುಷಿಯಾಯಿತು. ಬಸ್ಸಲ್ಲಿ ಒಬ್ಬಳೇ ನಗುತ್ತ ಬಂದೆ.

ಜೂನ್ 13

ನಾದಿನಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಸರಿಯಿದೆ, ಥೈರಾಯ್ಡ್ ಸರಿಯಿದೆ. ಯಾವುದಕ್ಕೂ ಇರಲಿ ಎಂದು ವಿಟಮಿನ್ ಗುಳಿಗೆ ಬರೆದರು.

ಬರುವಾಗ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಹೇಳಿದಳು, "ಅವರು ಹೇಳ್ತಿದ್ದದ್ದೇ ನಿಜ ಇರಬೇಕು ಅತ್ತಿಗೆ."

"ಯಾರು?"

"ಅವರೇ." ಗಂಡನ ಮಾತು. ನಮ್ಮಲ್ಲಿಗೆ ಬಂದ ಈ ಒಂದೂವರೆ ವರ್ಷದಲ್ಲಿ ಅವನನ್ನು ನೆನೆಸಿದ್ದು ಇದೇ ಮೊದಲು. "ನಿನ್ನ ಕೈಲಿ ಒಂದೂ ನೆಟ್ಟಗಾಗಲ್ಲ ಅಂತಿದ್ರು. ಕಾಯಿಲೆ ಇದ್ರೆ ಕಾಯಿಲೆ ಅನ್ನಬಹುದಿತ್ತು. ಕಾಯಿಲೆನೂ ಇಲ್ಲ. ನನ್ನಲ್ಲೇ ಏನೋ ಕಡಿಮೆ ಇದೆ."

ಹಾಗೆಲ್ಲ ಅನ್ನಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು.

ಜೂನ್ 17, ಬೆಳಿಗ್ಗೆ 11.15

ಪಂಪ್ ಅಣ್ಣ ಫೋನ್ ಮಾಡಿದರು. ಐದನೇ ಕಟ್ಟಡದ ಮೆಷಿನ್ ರೂಮಿನವರು, ಇಪ್ಪತ್ತು ವರ್ಷದಿಂದ ಪಂಪುಗಳ ಜೊತೆಗೇ ಇದ್ದು ಹೆಸರೇ ಅದಾಗಿದೆ.

"ಮೇಡಂ, ಫಿಲ್ಟರ್ ಬದಲಾಯಿಸೋಕೆ ಬಂದೆ. ಹೊರಗಿನ ಗಾಳಿ ಒಳಗೆ ಬರೋ ತಡಿಕೆ ಮುಚ್ಚಿದೆ. ಐದೂ ಮಹಡೀದು. ಹ್ಯಾಂಡ್‌ನಲ್ಲಿದೆ."

ಹ್ಯಾಂಡ್ ಎಂದರೆ ಕಂಪ್ಯೂಟರಿಗೆ ಬಿಡದೆ ಮನುಷ್ಯರು ತಾವೇ ಹಿಡಿದಿಟ್ಟದ್ದು. ಹಿಡಿದವರು ಬಿಡುವ ತನಕ ಕಂಪ್ಯೂಟರ್ ಅದನ್ನು ಮುಟ್ಟುವುದಿಲ್ಲ. ಯಾವ ಬುದ್ಧಿವಂತ ಹಾಕಿದ್ದು ಎಂದು ಕೇಳಿದೆ.

ಆ ಕಡೆ ಫಿಲ್ಟರ್ ಕೆಳಗಿಟ್ಟ ಸದ್ದಾಯಿತು.

"ನಿಮ್ಮ ಲಾಗಿನ್ನೇ ಮೇಡಂ. ಏಪ್ರಿಲ್ ಏಳು."

ಮಧ್ಯಾಹ್ನ 12

ನೆನಪಾಯಿತು. ಎಲ್ಲವೂ. ಬಿಸಿಲು ವಿಪರೀತವಿದ್ದ ವಾರ. ಮಧ್ಯಾಹ್ನದ ಹೊತ್ತು ಲೋಡ್ ಇಳಿಸಿ ಎಂದು ಕರೆಂಟ್ ಕಂಪನಿಯಿಂದ ದಿನಕ್ಕೆರಡು ಫೋನ್. ಹೊರಗಿನ ಬಿಸಿ ಗಾಳಿ ತಂದು ತಣ್ಣಗೆ ಮಾಡುವುದೇ ಎಲ್ಲಕ್ಕಿಂತ ದುಬಾರಿ ಕೆಲಸ. ಒಂದು ವಾರ ಹೊರಗಿನದು ಬೇಡ, ಒಳಗಿನದನ್ನೇ ತಿರುಗಿಸೋಣ ಎಂದು ಮುಚ್ಚಿದೆ. ಒಂದೇ ವಾರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮುಂದಿನ ಸೋಮವಾರ ಹೊಸ ವೇಳಾಪಟ್ಟಿ ಶುರುವಾಯಿತು. ಅದರ ಗಡಿಬಿಡಿಯಲ್ಲಿ...

ದಿನಾ ನೋಡುವುದು ಮೊದಲ ಪುಟ. ಅಲ್ಲಿ ಎಲ್ಲ ಹಸಿರು. ಮೂರನೇ ಪುಟಕ್ಕೆ ಹೋದರೆ ಐದು ಪುಟ್ಟ ಹಳದಿ ಕೈಗುರುತು. ಎಪ್ಪತ್ತು ದಿನದಿಂದ ಅಲ್ಲೇ ಇವೆ. ದೀಪದ ಬುಡ ಕತ್ತಲೆ ಅಂತ ಊರಿಗೆಲ್ಲ ಹೇಳುವವಳು ನಾನು.

ಮಧ್ಯಾಹ್ನ 3.10

ಗಾಳಿ ಅಳೆಯುವ ಕೈಮೀಟರ್ ಹಿಡಿದು ಮೂರನೇ ಮಹಡಿಗೆ ಹೋದೆ. ಬೇರೆ ಮಹಡಿಗಳಲ್ಲಿ ಅರ್ಧ ಕುರ್ಚಿ ಖಾಲಿ, ಹೇಗೋ ತಡೆದುಕೊಂಡಿದ್ದಾರೆ. ಇಲ್ಲಿ ನೂರ ಅರವತ್ತು ಜನ, ಮೊಣಕೈಗೆ ಮೊಣಕೈ, ಎಲ್ಲರೂ ಮಾತಾಡುತ್ತಲೇ ಇರುವವರು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತ, ಆಕಳಿಸುತ್ತ ಕೂತಿದ್ದಾರೆ. ಇಂಗಾಲದ ಡೈಆಕ್ಸೈಡ್ ಸಾವಿರ ದಾಟಬಾರದು, ದಾಟಿದರೆ ತಲೆ ಭಾರ, ತೂಕಡಿಕೆ. ಮೀಟರ್ ತೋರಿಸಿದ್ದು 2,840. ಬ್ಯಾಟರಿ ಸರಿಯಿಲ್ಲವೇನೋ ಎಂದು ತೆಗೆದು ಹಾಕಿ ನೋಡಿದೆ. 2,860.

ನಾದಿನಿ ಕಂಡಳು. ಎಲ್ಲರೂ ಕೂತಿದ್ದರೆ ಇವಳು ನಿಂತು ಮಾತಾಡುತ್ತಿದ್ದಳು. ಕಿವಿಗೆ ಹೆಡ್‌ಫೋನ್, ಬಲಗೈಯಲ್ಲಿ ಎಡತೋಳನ್ನು ಚಿವುಟಿಕೊಳ್ಳುತ್ತ. ತೋಳಿನ ಮೇಲೆ ಸಾಲಾಗಿ ಕೆಂಪು ಗುರುತು. "ಖಂಡಿತಾ ಸರ್, ಇನ್ನೊಂದು ಸಲ ಹೇಳ್ತೀರಾ ಸರ್" ಎನ್ನುತ್ತಿದ್ದಳು. ನನ್ನನ್ನು ನೋಡಲಿಲ್ಲ.

ಮೆಟ್ಟಿಲಲ್ಲಿ ಇಳಿದು ಬಂದೆ. ಲಿಫ್ಟಿಗೆ ಕಾಯಲು ಆಗಲಿಲ್ಲ.

ಜೂನ್ 18, ಬೆಳಿಗ್ಗೆ 7.30

ಬಿಟ್ಟೆ. ಐದು ತಡಿಕೆಗೆ ಐದು ಕ್ಲಿಕ್. ಒಂದು ನಿಮಿಷವೂ ಹಿಡಿಯಲಿಲ್ಲ.

ಪಂಪ್ ಅಣ್ಣನಿಗೆ, ಸದ್ಯಕ್ಕೆ ಯಾರಿಗೂ ಹೇಳುವುದು ಬೇಡ ಎಂದೆ. "ನಾನ್ಯಾಕೆ ಹೇಳ್ಲಿ ಮೇಡಂ. ಹೇಳೋರು ನಾನಲ್ಲ" ಎಂದರು. ಗೌರವದಿಂದಲೇ ಅಂದರು. ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಜೂನ್ 26

ಎಂಟು ದಿನ ಬರೆದಿಲ್ಲ. ಬರೆಯಲು ಕೂತರೆ ಇದನ್ನೇ ಬರೆಯಬೇಕಾಗುತ್ತದೆ.

ಐದನೆಯದರ ಗೆರೆ ಏರಿದೆ. ಉಳಿತಾಯ ಶೇಕಡಾ ಮೂರು. ಅಷ್ಟೇ ನನ್ನ ವೇಳಾಪಟ್ಟಿಯ ಯೋಗ್ಯತೆ. ಏನಾಯ್ತು ಎಂದು ದೊಡ್ಡವರು ಕೇಳಿದರು. "ಕೆಲವು ಹೊಂದಾಣಿಕೆ ನಡೀತಿದೆ ಸರ್, ಪರಿಶೀಲಿಸ್ತಿದ್ದೀನಿ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ನಾದಿನಿ ಚುರುಕಾಗಿದ್ದಾಳೆ. ಮೂರು ದಿನದಿಂದ ಎಲ್ಲರಿಗಿಂತ ಹೆಚ್ಚು ಕರೆ. "ಗುಳಿಗೆ ಕೆಲಸ ಮಾಡ್ತಿದೆ ಅತ್ತಿಗೆ. ನೀವು ಬಲವಂತ ಮಾಡಿ ಕರ್ಕೊಂಡು ಹೋಗದೇ ಇದ್ದಿದ್ರೆ..." ಎಂದು ನನ್ನ ಕೈ ಹಿಡಿದುಕೊಂಡಳು. ಹಿಡಿಸಿಕೊಂಡೆ. ಥೂ.

ಆದರೆ ತಡವಾಗಿದೆ. ಸೋಮವಾರ ಖಾಯಂ ಆದವರ ಪಟ್ಟಿ. ಎರಡು ಎಚ್ಚರಿಕೆ ಇದ್ದವರನ್ನು ಖಾಯಂ ಮಾಡುವುದಿಲ್ಲವಂತೆ, ನಿಯಮ. "ಕೋಣೆ ಬೇಡ ಅಂತ ಭಾನುವಾರ ಹೇಳಿಬಿಡ್ತೀನಿ. ಪಾಪ, ನನಗೋಸ್ಕರ ಬೇರೆಯವರನ್ನ ವಾಪಸ್ ಕಳಿಸ್ತಿದ್ದಾರೆ" ಎಂದಳು. ಅಳಲಿಲ್ಲ. ಅಭ್ಯಾಸವಾದವರ ಹಾಗೆ ಹೇಳಿದಳು.

ಜೂನ್ 28

ಇವರಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದವರು ನಿಲ್ಲಿಸಿದರು.

"ನೀನು ಅವಳನ್ನ ಬೈದೆಯಲ್ಲ."

"ನೀವೂ ನಕ್ಕಿರಿ."

"ನಕ್ಕೆ." ಅಂಗಿಯೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಆಫೀಸಿಗೆ ಪತ್ರ ಬರಿ, ಅವಳ ಕೆಲಸ ಉಳಿಯುತ್ತೆ. ನಿನ್ನ ಹೊಸ ಹುದ್ದೆ ಹೋಗುತ್ತೆ, ಹೋಗ್ಲಿ. ಆದ್ರೆ ಪತ್ರದಿಂದ ಅವಳಿಗೆ ಗೊತ್ತಾಗಬಾರದು. ಬಾಯಿಬಿಟ್ಟು ನೀನೇ ಹೇಳ್ಬೇಕು."

ಬಾಯಿ ಬಿಡುವುದೇ ಕಷ್ಟ. ಹುದ್ದೆಯ ಆಸೆ ಇನ್ನೂ ಇದೆ. ಸುಳ್ಳು ಯಾಕೆ ಬರೆಯಲಿ, ಇಲ್ಲಿ ಓದುವವರು ಯಾರು. ಇಪ್ಪತ್ತೆರಡು ಕಟ್ಟಡ ಕಣ್ಣ ಮುಂದೆ ಬರುತ್ತವೆ. ಅದರ ಹಿಂದೆಯೇ ಆ ಕೆಂಪು ಗುರುತಿನ ತೋಳು.

ಜೂನ್ 29, ಬೆಳಿಗ್ಗೆ 9

ಹೇಳಿದೆ. ಕೋಣೆ ಬೇಡವೆಂದು ಹೇಳಲು ಹೊರಟವಳು ದುಪ್ಪಟ್ಟಾ ಇಸ್ತ್ರಿ ಮಾಡುತ್ತಿದ್ದಳು. ತಡಿಕೆ, ಗಾಳಿ, ಏಪ್ರಿಲ್ ಏಳು, 2,840. ಎಲ್ಲ ಒಂದೇ ಉಸಿರಿಗೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅಂದ್ರೆ... ನನಗೇನೂ ಆಗಿರ್ಲಿಲ್ವಾ?"

"ಇಲ್ಲ."

"ನನ್ನ ಜಾಗದಲ್ಲಿ ಯಾರು ಕೂತಿದ್ರೂ ನಿದ್ದೆ ಬರ್ತಿತ್ತಾ?"

"ಬರ್ತಿತ್ತು. ನಾನು ಕೂತಿದ್ರೆ ಗೊರಕೆನೇ ಹೊಡೀತಿದ್ದೆ."

ಇಸ್ತ್ರಿಪೆಟ್ಟಿಗೆ ಆರಿಸಿ ನೆಲದ ಮೇಲೆ ಕೂತಳು. ಮುಖ ಮುಚ್ಚಿಕೊಂಡು ಅತ್ತಳು. ದುಃಖದ ಅಳು ಆಗಿರಲಿಲ್ಲ ಅದು, ಹೊತ್ತ ಮೂಟೆ ಇಳಿಸಿದವರ ಅಳು. ನನಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂರಲು ಹೋದೆ. ಆಗ ತಲೆಯೆತ್ತಿದಳು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಹದಿನೇಳನೇ ತಾರೀಕು."

ಬೆರಳು ಮಡಿಸಿ ಎಣಿಸಿದಳು. "ಹನ್ನೆರಡು ದಿನ," ಎಂದಳು. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಜೂನ್ 30

ಬೆಳಿಗ್ಗೆ ಎಂಟಕ್ಕೇ ಎರಡೂ ಪತ್ರ ಕೊಟ್ಟೆ. ಒಂದು ನಮ್ಮ ದೊಡ್ಡವರಿಗೆ, ಒಂದು ವಿಮೆ ಕಂಪನಿಯ ಮ್ಯಾನೇಜರಿಗೆ. ನನ್ನ ಲಾಗಿನ್ ಕಾಣುವ ಪುಟ, ಮೀಟರಿನ ಅಂಕಿ, ನಾದಿನಿಯ ಹೆಸರು, ಅವಳ ತಪ್ಪಿಲ್ಲವೆಂಬ ಮಾತು.

ದೊಡ್ಡವರು ಎರಡು ಸಲ ಓದಿದರು. "ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದರು. ಮೆಚ್ಚಿ ಅಂದರೋ ಬೇಸತ್ತು ಅಂದರೋ ತಿಳಿಯಲಿಲ್ಲ. ಹೊಸ ಹುದ್ದೆಯ ಮಾತು ಮುಂದಿನ ವರ್ಷಕ್ಕೆ. ನನಗೂ ಒಂದು ಎಚ್ಚರಿಕೆ ಪತ್ರ, ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು.

ಸಂಜೆ ನಾದಿನಿಯ ಎರಡೂ ಎಚ್ಚರಿಕೆ ರದ್ದು. ಖಾಯಂ. ಪತ್ರವನ್ನು ಅಣ್ಣನ ಕೈಗೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಜುಲೈ 6

ಆರು ದಿನ ಮೌನ. ಉಪ್ಪು ಬೇಕಿದ್ದರೂ "ಅಣ್ಣಾ, ಉಪ್ಪು". ಇವರು ನಮ್ಮಿಬ್ಬರ ನಡುವೆ ಟೆಲಿಫೋನ್ ಆಪರೇಟರ್ ಆಗಿದ್ದಾರೆ.

ಇವತ್ತು ಕೋಣೆಗೆ ಹೋದಳು. ಒಂದು ಸೂಟ್‌ಕೇಸ್ ನಾನು ಹೊತ್ತೆ, ಬೇಡ ಎನ್ನಲಿಲ್ಲ. ಸಣ್ಣ ಕೋಣೆ, ಒಂದು ಮಂಚ, ಒಂದು ಒಲೆ. ಬಾಗಿಲ ಹಿಂದೆ ಬಟ್ಟೆ ಮೊಳೆ. ಅವಳು ಬೀಗದಕೈಯನ್ನು ಮೂರು ಸಲ ತಿರುಗಿಸಿ ನೋಡಿದಳು. ಇವರು ಬಲ್ಬ್ ತರಲು ಹೋದಾಗ ತಾನಾಗಿ ಮಾತಾಡಿದಳು.

"ಅತ್ತಿಗೆ, ನಮ್ಮಲ್ಲಿ ಕಂಬದ ಪಕ್ಕ ಒಬ್ಬರು ಕೂರ್ತಿದ್ರು. ಐವತ್ತೆಂಟು ವರ್ಷ. ನಾವೆಲ್ಲ ದೊಡ್ಡಪ್ಪ ಅಂತಿದ್ವಿ. ಮೇ ತಿಂಗಳಲ್ಲಿ ತೆಗೆದುಹಾಕಿದ್ರು."

"ಯಾಕೆ?"

ಕೇಳಿದ ಮೇಲೆ ತಿಳಿಯಿತು ಯಾಕೆಂದು.

"ಕೊನೇ ದಿನ ಚೀಲ ತುಂಬ್ಕೊಳ್ತಾ, ವಯಸ್ಸಾಯ್ತಮ್ಮ, ಮೊದಲಿನ ಹಾಗಿಲ್ಲ ನಾನು ಅಂದ್ರು. ಇವತ್ತಿಗೂ ಹಾಗೇ ಅಂದ್ಕೊಂಡಿರ್ತಾರೆ."

ನೂರ ಅರವತ್ತು ಜನ ಎಂದು ನಾನೇ ಬರೆದಿದ್ದೇನೆ, ಮೇಲೆ. ಪತ್ರದಲ್ಲಿ ಬರೆದದ್ದು ಒಂದೇ ಹೆಸರು, ನಮ್ಮ ಮನೆಯದು.

ಜುಲೈ 7, ಸಂಜೆ 6.20

ನಾದಿನಿಯ ಕೋಣೆ. ಆಫೀಸಿನಲ್ಲಿ ಯಾರನ್ನೋ ಕೇಳಿ ದೊಡ್ಡಪ್ಪನವರ ನಂಬರ್ ತಂದಿದ್ದಾಳೆ. ನಾನು ಬೆಳಿಗ್ಗೆಯೇ ದೊಡ್ಡಪ್ಪನವರೂ ಸೇರಿ ಇಡೀ ಮಹಡಿಯವರ ಪರವಾಗಿ ಮ್ಯಾನೇಜರಿಗೆ ಇನ್ನೊಂದು ಪತ್ರ ಕೊಟ್ಟೆ. ನೋಡೋಣ ಎಂದಿದ್ದಾರೆ. ಕೆಲಸ ವಾಪಸ್ ಸಿಗುತ್ತದೋ ಇಲ್ಲವೋ, ಅದು ಬೇರೆ. ಅವರಿಗೆ ನಿಜ ಹೇಳೋದಕ್ಕೆ ಕಾಯಬಾರದು ಎಂದಳು ನಾದಿನಿ, ಇದಕ್ಕೆ ಹನ್ನೆರಡು ದಿನ ತೊಗೋಬೇಡಿ ಎಂದಳು.

ಏನು ಹೇಳಬೇಕೆಂದು ಇಲ್ಲೇ ಬರೆದುಕೊಳ್ಳುತ್ತೇನೆ, ನೋಡಿ ಓದಿಬಿಡುತ್ತೇನೆ. ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಆ ಕಟ್ಟಡದ ಕರೆಂಟು ನೋಡಿಕೊಳ್ಳುವವಳು... ಇದು ಬೇಡ, ಸುತ್ತಿ ಬಳಸಿದ ಹಾಗಾಯಿತು.

ಎದುರಿಗೆ ಕೂತು ನಂಬರ್ ಒತ್ತಿದ್ದಾಳೆ. "ಬರೆದಿದ್ದು ಸಾಕು ಅತ್ತಿಗೆ, ರಿಂಗ್ ಆಗ್ತಿದೆ."

ನಮಸ್ಕಾರ. ನಿಮಗೆ ವಯಸ್ಸಾದದ್ದಲ್ಲ. ಏಪ್ರಿಲ್ ಏಳರಂದು ನಾನು