ಅಂಚು ಸುಟ್ಟದ್ದನ್ನು ಹೇಳದೆ ನಡು ಉಳಿಸಿದಿರಿ

ಕಣ್ಣಾಸ್ಪತ್ರೆಯ ಮುಖ್ಯಸ್ಥರೇ,

ಮಾನ್ಯರೇ ಎನ್ನಲು ಕೈ ಏಳುತ್ತಿಲ್ಲ. ಆದರೂ ರೂಢಿ ಬಿಡಬಾರದಲ್ಲ, ಮಾನ್ಯರೇ. ನನ್ನ ತಂಗಿಯ ಒಂದು ಕಣ್ಣು ಹೋಗಿದೆ. ಉಳಿದೊಂದಕ್ಕೆ ಲೇಸರ್ ಮಾಡಲು ನಿಮ್ಮ ಕಚೇರಿ ನಾಲ್ಕು ತಿಂಗಳಾಚೆಯ ದಿನ ಕೊಟ್ಟಿದೆ. ಆ ಕಣ್ಣು ಅಷ್ಟು ದಿನ ಕಾಯದು ಎಂದು ಚೀಟಿಯಲ್ಲಿ ಬರೆದವರೂ ನಿಮ್ಮ ವೈದ್ಯರೇ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ "ಪರಿಶೀಲಿಸಲಾಗುವುದು" ಎಂಬ ಮುದ್ರೆ ಬಿತ್ತು. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಹೋದ ವರ್ಷ ನಿಮ್ಮಲ್ಲೇ ಎರಡೂ ಕಣ್ಣಿಗೆ ಲೇಸರ್ ಆಯಿತು. ಯಂತ್ರದ ಮೇಲೆ ಗದ್ದ ಊರಿ ಕೂತೆ. ಹಸಿರು ಮಿಂಚು ನೂರಾರು ಸಲ ಹೊಡೆಯಿತು. ಏನು ಉಳಿಯುತ್ತದೆ ಎಂದು ಹೇಳಿದರು. ಏನು ಹೋಗುತ್ತದೆ ಎಂದು ಯಾರೂ ಬಾಯಿಬಿಡಲಿಲ್ಲ. ಆಮೇಲೆ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ಚೆನ್ನಾಗಿದೆ ಎಂದು ಕೆಲಸಕ್ಕೆ ಕಳಿಸಿದರು. ಸ್ವಾಮಿ, ಬಸ್ಸಿಗೆ ಜನ ಬರೀ ಎದುರಿನಿಂದಲೇ ಬರುತ್ತಾರೆಯೇ?

ಒಂದು ಸಂಜೆ ಮಬ್ಬು ಬೆಳಕಿನಲ್ಲಿ ಡಿಪೋದೊಳಗೆ ಬಸ್ಸು ತಿರುಗಿಸುತ್ತಿದ್ದೆ. ಹನ್ನೊಂದು ವರ್ಷ ನನ್ನ ಜೊತೆ ದುಡಿದ ಕಂಡಕ್ಟರ್ ಎಡಗಡೆಯಿಂದ ಬಂದ. ನನಗೆ ಕಾಣಲೇ ಇಲ್ಲ. ಕೂಗು ಕೇಳಿ ಬ್ರೇಕ್ ಒತ್ತಿದೆ. ಅವನ ಕಾಲು ಎರಡು ಕಡೆ ಮುರಿದಿತ್ತು. ಮಂಚದ ಮೇಲೆ ಮಲಗಿ ಅವನು ಕೇಳಿದ್ದು ಒಂದೇ ಮಾತು: "ನಿನ್ನನ್ನೇ ನೋಡ್ಕೊಂಡು ಬಂದೆನಲ್ಲೋ, ಕೈನೂ ಎತ್ತಿದೆ. ಕಾಣ್ಲಿಲ್ವಾ?"

ವಿಚಾರಣೆಗೆಂದು ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ತಿಳಿಯಿತು: ಲೇಸರ್ ಕಣ್ಣೊಳಗಿನ ಪರದೆಯ ಅಂಚನ್ನು ಸುಟ್ಟು ನಡುವನ್ನು ಕಾಪಾಡುತ್ತದೆ, ಪಕ್ಕದ ನೋಟ, ಮಬ್ಬಿನ ನೋಟ ಕುಗ್ಗಬಹುದು. ನಿಮಗೆ ಇದು ಗೊತ್ತಿರಲಿಲ್ಲವೇ? ನಾನು ಸಹಿ ಹಾಕಿದ ಕಾಗದದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇತ್ತಂತೆ. ಕಣ್ಣಿಗೆ ಹನಿ ಬಿಟ್ಟು, ಎಲ್ಲ ಮಂಜಾದ ಮೇಲೆ ಓದಲು ಕೊಟ್ಟಿರಿ. ನಿಮ್ಮ ಸಮಯಪ್ರಜ್ಞೆಗೆ ದೊಡ್ಡ ನಮಸ್ಕಾರ.

ಮುಂದಿನ ತಪ್ಪು ನನ್ನದು. ತಂಗಿ ಬಟ್ಟೆ ಹೊಲಿಯುವವಳು. ಅವಳಿಗೂ ಅದೇ ಕಾಯಿಲೆ. ಲೇಸರಿಗೆ ದಿನವೂ ನಿಗದಿಯಾಗಿತ್ತು. ನನ್ನ ಭುಜ ಬಾಗಿಲಿಗೆ ಬಡಿಯುವುದನ್ನು ನೋಡಿ ನೋಡಿ, "ಅಣ್ಣಾ, ಹೋಗ್ಲಾ ಬೇಡ್ವಾ? ನೀನೇ ಹೇಳು" ಎಂದಳು.

"ಬೇಡ ಕಣಮ್ಮಾ" ಎಂದೆ.

ಅವಳು ಹೋಗದೆ ಉಳಿದು ಎಂಟು ವಾರವಾಗಿತ್ತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಕಪ್ಪು ನೂಲೊಂದು ತೇಲಿದಂತಾಯಿತಂತೆ. ಬಟ್ಟೆಯ ಮೇಲಿದೆ ಎಂದುಕೊಂಡು ಬೆರಳಿನಿಂದ ಉಜ್ಜಿದಳಂತೆ. ಅದು ಬಲಗಣ್ಣೊಳಗೆ ಒಸರಿದ ರಕ್ತ. ಮಧ್ಯಾಹ್ನದೊಳಗೆ ಆ ಕಣ್ಣು ಕತ್ತಲಾಯಿತು. ತಿಂಗಳಲ್ಲಿ ಪರದೆಯೂ ಕಿತ್ತು ಬಂತು. ಇನ್ನು ಕೈ ಮೀರಿತು ಎಂದರು. ಅಂಚು ಕಳೆದುಕೊಂಡ ನಾನು ಈ ಪತ್ರವನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಅದು ಲೇಸರ್ ಉಳಿಸಿಕೊಟ್ಟ ಭಾಗ್ಯ, ನಾನೇ ಅವಳಿಗೆ ತಪ್ಪಿಸಿದ ಭಾಗ್ಯ. ಇಷ್ಟು ಹೋಗುತ್ತದೆ, ಇಷ್ಟು ಉಳಿಯುತ್ತದೆ ಎಂದು ಒಬ್ಬರಾದರೂ ಮೊದಲೇ ಹೇಳಿದ್ದರೆ ನಾನು ಸ್ಟೇರಿಂಗ್ ಬಿಡುತ್ತಿದ್ದೆ. ಅವಳನ್ನು ಕೈಹಿಡಿದು ನಿಮ್ಮಲ್ಲಿಗೆ ಕರೆತರುತ್ತಿದ್ದೆ.

ಈ ವಾರವೇ ಅವಳ ಎಡಗಣ್ಣಿಗೆ ಲೇಸರ್ ಮಾಡಿಸಿ. ಇನ್ನು ಮುಂದೆ ಬರುವ ಪ್ರತಿಯೊಬ್ಬರಿಗೂ, ಹನಿ ಬಿಡುವ ಮುನ್ನ, ಕೂರಿಸಿ ಎಲ್ಲವನ್ನೂ ಹೇಳಿಸಿ. ನಾಳೆ ಬೆಳಗ್ಗೆ ಅವಳನ್ನು ಕರೆತಂದು ನಿಮ್ಮ ಬಾಗಿಲಲ್ಲಿ ಕೂರುತ್ತೇನೆ. ಒಳಗೆ ಕರೆಯುವವರೆಗೆ ಏಳುವುದಿಲ್ಲ. ಇದನ್ನು ತಿಳಿಸಿದಾಗ ಅವಳು ಹೇಳಿದ್ದಿಷ್ಟೇ: "ಈ ಸಲ ನಿನ್ನನ್ನ ಏನೂ ಕೇಳಲ್ಲ ಅಣ್ಣಾ. ಕರ್ಕೊಂಡು ಹೋಗು ಸಾಕು."

ಇಂತಿ,
ತನ್ನ ಕಣ್ಣಿನ ಕಥೆ ಹೇಳಿ ತಂಗಿಯ ಕಣ್ಣು ಕಳೆದ ಮಾಜಿ ಬಸ್ ಚಾಲಕ