ನೂರಕ್ಕೆ ತೊಂಬತ್ತೊಂದು

ಫೆಬ್ರವರಿ 3, ಬೆಳಿಗ್ಗೆ 7.15

ಮತ್ತೆ ಅದೇ. ಹಲ್ಲುಜ್ಜುವಾಗ ವಾಂತಿ. ಮೂರು ತಿಂಗಳಿಗೆ ನಿಲ್ಲುತ್ತದೆ ಎಂದವರೆಲ್ಲ ಎಲ್ಲಿ ಹಾಳಾದರೋ, ಏಳು ತುಂಬಿತು. ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಅತ್ತೆ ಫೋನ್ ಹಿಡಿದು ನಿಂತಿದ್ದರು.

"ಆರೂವರೆಯಿಂದ ಇಪ್ಪತ್ತು ನಿಮಿಷ ಎದೆ ನೂರಾ ಹದಿನೈದು ಬಡ್ಕೊಂಡಿದೆಯಲ್ಲೇ. ಒಳಗೆ ಏನ್ ಮಾಡ್ತಿದ್ದೆ?"

ಬಾತ್‌ರೂಮಿನಲ್ಲಿ ಏನು ಮಾಡುತ್ತಾರೆ ಎಂದು ಬಿಡಿಸಿ ಹೇಳಲೇ? ಥೂ.

ನಾದಿನಿ ಕೊಟ್ಟ ಈ ಬ್ಯಾಂಡ್ ಕೈಗೆ ಬಿದ್ದು ಹನ್ನೆರಡು ದಿನ. ಬಸುರಿಯರಿಗೆಂದೇ ಮಾಡಿದ್ದಂತೆ. ಎದೆಬಡಿತ, ಹೆಜ್ಜೆ, ನಿದ್ದೆ ಎಲ್ಲ ಎಣಿಸಿ ದಿನಕ್ಕೊಂದು 'ನೆಮ್ಮದಿ ಅಂಕ' ಕೊಡುತ್ತದೆ. ನೂರಕ್ಕೆ ಇಷ್ಟು ಅಂತ. ಅದು ಫೋನಿನಲ್ಲಿ ಕಾಣುವುದು ನನಗೊಬ್ಬಳಿಗೇ ಅಲ್ಲ — ಅತ್ತೆಗೆ, ನಾದಿನಿಗೆ, ಗಂಡ ಎನಿಸಿಕೊಂಡ ಇವರಿಗೆ. ಇವರು ಲಿಫ್ಟ್ ರಿಪೇರಿ ಮಾಡುವವರು. ಮೀಟರ್ ನೋಡದೆ ಏನನ್ನೂ ನಂಬುವ ಆಸಾಮಿಯಲ್ಲ.

ಫೆಬ್ರವರಿ 5

ಬೆಳಿಗ್ಗೆಯಿಂದ ಒಂಬತ್ತು ಬಾಯಿ. ಹಲ್ಲಿನ ಡಾಕ್ಟರ ಪಕ್ಕ ನಿಂತು ಎಂಜಲು ಎಳೆಯುವ ಪೈಪ್ ಹಿಡಿಯುವುದು ನನ್ನ ಕೆಲಸ. ಎಂಟು ವರ್ಷ ಆಗದ ಹೇಸಿಗೆ ಈಗ ಆಗುತ್ತಿದೆ. ಲವಂಗದೆಣ್ಣೆ, ರಕ್ತ, ಕೊಳೆತ ದವಡೆಯ ಉಸಿರು... ಒಬ್ಬ ಮುದುಕ ಕೆಮ್ಮಿದ, ನನ್ನ ಕನ್ನಡಕದ ಮೇಲೆಲ್ಲ. ಉಪಕರಣ ತೊಳೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹತ್ತು ನಿಮಿಷ.

ಬ್ಯಾಂಡ್ ಗುರ್ರ್ ಅಂದಿತು. ಫೋನಿನಲ್ಲಿ — 'ಭೇಷ್! ಇಂದಿನ ವ್ಯಾಯಾಮ ಮುಗಿಸಿದಿರಿ!'

ಹಿಂದೆಯೇ ನಾದಿನಿ ಕಳಿಸಿದ ಚಪ್ಪಾಳೆ ಚಿತ್ರಗಳು. ಮೂರು ಸಾಲು.

ಫೆಬ್ರವರಿ 9

ಬ್ಯಾಂಡಿನ ಕೆಳಗೆ ಚರ್ಮ ಬೆವತು, ಕೆಂಪೇರಿ, ಒದ್ದೆ ಕಾಲುಚೀಲದ ಹಾಗೆ ನಾರುತ್ತದೆ. ಇವತ್ತಿನ ಅಂಕ 54. ಊಟಕ್ಕೆ ಕೂತಾಗ ವಿಚಾರಣೆ.

"ಐವತ್ನಾಲ್ಕು ಅಂದ್ರೆ ಏನು? ನಾಳೆಯಿಂದ ಕೆಲ್ಸಕ್ಕೆ ಹೋಗ್ಬೇಡ," ಅಂದರು ಇವರು.

"ಮಗು ಇರೋದು ನನ್ ಹೊಟ್ಟೇಲಿ ರೀ. ಫೋನಲ್ಲಲ್ಲ."

"ಅದಕ್ಕೇ ಭಯ ನಮಗೆ," ಅಂದರು ಅತ್ತೆ.

ಮನೆಯಲ್ಲಿ ಕೂತರೆ ದಿನವಿಡೀ ಇದೇ ವಿಚಾರಣೆ. ಅದಕ್ಕಿಂತ ಆ ಒಂಬತ್ತು ಬಾಯಿಗಳೇ ವಾಸಿ. ಇನ್ನೆರಡು ದಿನ ನೋಡೋಣ ಎಂದು ಹೇಗೋ ಒಪ್ಪಿಸಿದೆ.

ಫೆಬ್ರವರಿ 10

ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಅಕ್ಕನಿಗೆ ಐವತ್ತೈದು ವರ್ಷ. ಜಗತ್ತು ಮುಳುಗಿದರೂ ಕುರ್ಚಿಯಿಂದ ಏಳುವವರಲ್ಲ. ಬ್ಯಾಂಡ್ ಬಿಚ್ಚಿ ಅವರ ಕೈಗೆ ಕಟ್ಟಿದೆ.

"ಬಸುರಿಯಾಗಿ ಮೂವತ್ತು ವರ್ಷ ಆಯ್ತು ಕಣೇ," ಅಂದರು. "ಇನ್ನೊಂದ್ಸಲ ಆಗೇ ಬಿಡ್ತೀನಿ, ಕೊಡು."

ಸಂಜೆ ಅಂಕ 91! ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಕೆಲಸ ಬಿಡುವ ಮಾತು ಯಾರೂ ಎತ್ತಲಿಲ್ಲ.

ಫೆಬ್ರವರಿ 18

ಎಂಟು ದಿನ ಬರೆದಿಲ್ಲ. ಬೆರಳು ಊದಿ ಪೆನ್ನು ಹಿಡಿಯಲಾಗುತ್ತಿಲ್ಲ. ಕಾಲು ಚಪ್ಪಲಿಗೂ ಹಿಡಿಸುವುದಿಲ್ಲ. ಬ್ಯಾಂಡ್ ಹಗಲು ಅಕ್ಕನ ಕೈಗೆ, ಸಂಜೆ ನನ್ನ ಕೈಗೆ. 88, 90, 91.

ಎರಡು ದಿನದಿಂದ ತಲೆ ಸಿಡಿಯುತ್ತಿದೆ. ಬೆಳಿಗ್ಗೆ ಇವರಿಗೆ ಹೇಳಿದೆ.

"ತೊಂಬತ್ತೊಂದು ಬಂದಿದೆಯಲ್ಲೇ! ಒಂಚೂರು ತಲೆನೋವಿಗೆಲ್ಲ ಹೆದರ್ತಾರಾ?" ಬೆನ್ನು ತಟ್ಟಿ ಹೊರಟರು.

ನಿಜ ಹೇಳಿದರೆ ನಾಳೆಯಿಂದ ಮನೆಯಲ್ಲಿ ಕೂರಬೇಕು. ಇವರ ಮೇಲೆ ಅಸಹ್ಯ. ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಫೆಬ್ರವರಿ 20, ಆಸ್ಪತ್ರೆ, ಮಧ್ಯಾಹ್ನ 3

ಬೆರಳು ಇನ್ನೂ ಊದಿಕೊಂಡೇ ಇವೆ. ಆದರೂ ಬರೆಯಬೇಕು.

ಬೆಳಿಗ್ಗೆ ಪೈಪ್ ಹಿಡಿದಿದ್ದಾಗ ಕಣ್ಣ ಮುಂದೆ ಬೆಳ್ಳನೆಯ ಹುಳುಗಳು ಹರಿದಾಡಿದವು. ಪೈಪ್ ರೋಗಿಯ ಕೆನ್ನೆಗೆ ಕಚ್ಚಿಕೊಂಡಿತು. ಡಾಕ್ಟರು ಬೈಯಲಿಲ್ಲ. ನನ್ನ ಮುಖ ನೋಡಿದರು, ಕಾಲು ನೋಡಿದರು. ಹಲ್ಲು ಕೀಳುವ ಮೊದಲು ರೋಗಿಗಳಿಗೆ ಕಟ್ಟುವ ಬಿಪಿ ಪಟ್ಟಿ ತಂದು ತೋಳಿಗೆ ಸುತ್ತಿದರು. ನೂರಾ ಎಪ್ಪತ್ತು, ನೂರಾ ಹತ್ತು. ಇನ್ನೊಮ್ಮೆ ನೋಡಿದರು. ಅಷ್ಟೇ. ರೋಗಿಯನ್ನು ಬಾಯಿ ತೆರೆದ ಹಾಗೆಯೇ ಬಿಟ್ಟು ತಮ್ಮ ಕಾರಿನಲ್ಲೇ ಇಲ್ಲಿಗೆ ತಂದರು.

ಇವರೂ ಅತ್ತೆಯೂ ಓಡಿಬಂದರು. ಇವರು ವಾರ್ಡಿನ ಡಾಕ್ಟರ ಮೂಗಿಗೇ ಫೋನ್ ಹಿಡಿದರು. "ನೋಡಿ ಡಾಕ್ಟ್ರೇ, ನಿನ್ನೆ ತೊಂಬತ್ತೊಂದು. ಇವತ್ತು ಈ ತನಕ ಎಂಬತ್ತೊಂಬತ್ತು! ಬಿಪಿ ಹೇಗ್ ಏರತ್ತೆ?"

"ಅದು ಬಿಪಿ ನೋಡಲ್ಲ," ಅಂದರು ಆ ಡಾಕ್ಟರು, ತಲೆಯೆತ್ತದೆ.

"ಅದು ನಂದೂ ಅಲ್ಲ," ಅಂದೆ ನಾನು. ಬ್ಯಾಂಡೂ ನನ್ನ ಫೋನೂ ಆ ಹೊತ್ತಿಗೆ ಕ್ಲಿನಿಕ್ಕಿನ ಕೌಂಟರಿನಲ್ಲಿ ಅಕ್ಕನ ಜೊತೆ ತೂಕಡಿಸುತ್ತಿದ್ದವು.

ಎಲ್ಲ ಹೇಳಿದೆ. ಅತ್ತೆ ಬಾಯಿಗೆ ಕೈ ಒತ್ತಿಕೊಂಡರು. ಇವರು ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ.

"ತಲೆನೋವು ಅಂತ ನೀನ್ ಹೇಳಿದ್ದೆ," ಅಂದರು. "ನಾನು ಫೋನ್ ನೋಡ್ದೆ."

ಹೊರಗೆ ಹೋಗಿ ವಾಂತಿ ಮಾಡಿಕೊಂಡರಂತೆ. ನರ್ಸ್ ಹೇಳಿದರು. ಪಾಪ ಎನಿಸಲಿಲ್ಲ.

ಫೆಬ್ರವರಿ 24

ಹೆಣ್ಣು. ಇಪ್ಪತ್ತೊಂದರ ಬೆಳಿಗ್ಗೆ ಆಪರೇಷನ್ ಮಾಡಿ ತೆಗೆದರು. ಒಂದೂ ಮುಕ್ಕಾಲು ಕೆಜಿ. ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಉಳಿಯುತ್ತಾಳೆ ಅಂದರು — ಇವತ್ತು ಮೊದಲ ಸಲ 'ಬಹುಶಃ' ಸೇರಿಸದೆ.

ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದೊಯ್ದರು. ಇವರು ಆಗಲೇ ಅಲ್ಲಿದ್ದರು. ಪೆಟ್ಟಿಗೆಯ ಮೇಲಿನ ಪರದೆಯಲ್ಲಿ ಅಂಕಿಗಳು. ಅದರ ಫೋಟೋ ತೆಗೆಯಲು ಫೋನ್ ಎತ್ತಿದರು.

"ಕೆಳಗಿಡಿ ಅದನ್ನ."

"ಅಮ್ಮ ಲೈನಲ್ಲಿದ್ದಾಳೆ ಕಣೇ. ಎಷ್ಟಿದೆ ಅಂತ ಕೇಳ್ತಿದ್ದಾಳೆ. ಏನ್ ಹೇಳ್ಲಿ?"

"ಮಗು ನೋಡಿ. ಕಂಡಿದ್ದನ್ನ ಹೇಳಿ."

ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಫೋನಿಗೆ — "ಅಮ್ಮಾ... ಮುಖ ಎಲ್ಲ ಸುಕ್ಕು. ಬೆನ್ನಿನ ಮೇಲೆ ಕೂದ್ಲು. ಯಾರನ್ನೋ ಬೈಯೋಕೆ ಹೊರಟೋರ ಥರ ಹುಬ್ಬು ಗಂಟಿಕ್ಕಿದ್ದಾಳೆ."

ಯಾರ ಥರ ಎಂದು ಆ ಕಡೆಯಿಂದ ಕೇಳಿರಬೇಕು. ನನ್ನ ಕಡೆ ತಿರುಗಿದರು. ಕಣ್ಣು ಒದ್ದೆ, ತುಟಿಯಲ್ಲಿ ನಗು.

ನನಗೆ ನಗು ಬರಲಿಲ್ಲ. ಕ್ಷಮಿಸಿದ್ದೀಯಾ ಎಂದು ಈಗ ಯಾರಾದರೂ ಕೇಳಿದರೆ...

ನರ್ಸ್ ಕರೆಯುತ್ತಿದ್ದಾರೆ. ಹಾಲು ಹಿಂಡಿ ಕೊಡಬೇಕು. ಮೊದಲು ಅದು. ಇವರ ವಿಷಯ ಆಮೇಲೆ.