ಏಳು ಸುತ್ತಿನ ಉಂಗುರ

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ 11

ನಾಲ್ಕು ಉಂಗುರ ಮುಗಿದವು. ಐದನೆಯದರ ಮಣಿ ಒಡೆದೆ. ನನಗೆ ಬಲು ಇಷ್ಟದ ನೀಲಿ ಗಾಜು. ಇಕ್ಕಳದಲ್ಲಿ ತಂತಿ ಹಿಡಿಯುವ ಬದಲು ಮಣಿಯನ್ನೇ ಹಿಡಿದೆ. ಹತ್ತೊಂಬತ್ತು ವರ್ಷದ ಅನುಭವಸ್ಥೆ! ಆ ಬಣ್ಣದ್ದು ಇನ್ನೊಂದೇ ಉಳಿದಿದೆ. ಯಾರಿಗೂ ಕೊಡುವುದಿಲ್ಲ.

ಇವತ್ತು ಶಾಲೆಗೆ ರಜೆ. ಮೇಷ್ಟ್ರು ಪೇಪರಿನ ಹಿಂದಿನಿಂದ, "ಏನೇ ಅದು ಸದ್ದು?" ಅಂದರು. "ನನ್ನ ಹಲ್ಲು ರೀ," ಅಂದೆ. "ಎಷ್ಟನೇದು?" ಅಂದರು.

ಗಂಡ ಅಂತ ಈ ಡೈರಿಯಲ್ಲಿ ಎಂದೂ ಬರೆದಿಲ್ಲ. ಮದುವೆಯಾದ ಲಾಗಾಯ್ತಿನಿಂದ ಮೇಷ್ಟ್ರೇ. ಶಾಲೆಯಲ್ಲಿ ಗಣಿತ ಹೇಳುತ್ತಾರೆ, ಮನೆಯಲ್ಲಿ ಮೆಟ್ಟಿಲು ಎಣಿಸುತ್ತಾರೆ.

ಮಧ್ಯಾಹ್ನ ಚೀಟಿ ಬರೆಯಬೇಕು. ಪ್ರತಿ ಉಂಗುರದ ಡಬ್ಬಿಯಲ್ಲೂ ಒಂದು ಇಡುತ್ತೇನೆ. ನೀರು ಬೇಡ, ಸೆಂಟು ಬೇಡ. ಮಲಗುವಾಗ ತೆಗೆದಿಡಿ. ಮಂಕಾದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತಂತಿಯ ತುದಿ ಹಿಡಿದು ಎಳೆಯಬೇಡಿ… ಮೇಷ್ಟ್ರ ಉಂಗುರ ಈ ಎಲ್ಲ ನಿಯಮ ಮುರಿದೂ ಬಾಳಿದೆ. ಸ್ನಾನಕ್ಕೂ ಅದೇ, ನಿದ್ದೆಗೂ ಅದೇ. ನನ್ನ ಕೈಯ ಮೊಟ್ಟಮೊದಲ ಉಂಗುರ. ತಾಮ್ರದ ತಂತಿ, ಹಸಿರು ಮಣಿ, ಮಣಿಯೊಳಗೊಂದು ಗಾಳಿಗುಳ್ಳೆ. ನೋಡಲು ಘೋರ. ಒಂದೇ ಸಮಾಧಾನ — ಮಣಿಯ ಎರಡೂ ಪಕ್ಕ ಲೆಕ್ಕ ಹಾಕಿದಂತೆ ಏಳೇಳು ಸುತ್ತು. ಆಗ ಎಣಿಸುವ ತಾಳ್ಮೆ ಇತ್ತು ನನಗೆ. ಈಗೆಲ್ಲ ಅಂದಾಜು.

ಮಾರ್ಚ್ 5, ಗುರುವಾರ

ಸಂಜೆ ಉಂಗುರದ ಕ್ಲಾಸು. ಮೂರೇ ಹೆಂಗಸರು, ಮೂವತ್ತು ಜನರ ಗಲಾಟೆ. ಹೊಸಬಳೊಬ್ಬಳು ಎಡಗೈಯವಳು. ಹೇಳಿಕೊಡುವುದರೊಳಗೆ ಸಾಕುಸಾಕಾಯಿತು. ನಾನು ತಂತಿಯನ್ನು ನನ್ನಿಂದ ಆಚೆಗೆ ಸುತ್ತುವವಳು. ಅವಳ ಸುತ್ತು ಅದಕ್ಕೆ ತಿರುಗುಮುರುಗು, ಕನ್ನಡಿಯಲ್ಲಿ ಕಂಡ ಹಾಗೆ. ಮೇಷ್ಟ್ರೂ ಎಡಗೈಯವರೇ. ಅಕ್ಷರ ಬರೆಯುವುದು ಬಿಟ್ಟರೆ ಆ ಕೈಗೆ ಬೇರೆ ಕೆಲಸ ಗೊತ್ತಿಲ್ಲ.

ಎಂದಿನಂತೆ ಮೇಷ್ಟ್ರನ್ನು ಕರೆದು ಬೆರಳು ತೋರಿಸಿದೆ. "ನೋಡ್ರಮ್ಮ, ಇದು ನಾನು ಮೊದಲು ಮಾಡಿದ್ದು. ಇದಕ್ಕಿಂತ ಕೆಟ್ಟದಾಗಿ ನಿಮ್ಮ ಕೈಲಿ ಮಾಡಕ್ಕೇ ಆಗಲ್ಲ. ಧೈರ್ಯವಾಗಿ ಶುರು ಮಾಡಿ."

ಎಲ್ಲ ನಕ್ಕರು. ಮೇಷ್ಟ್ರ ಮುಖ ಸಣ್ಣದಾಯಿತು. "ಅಷ್ಟೇನೂ ಕೆಟ್ಟದಾಗಿಲ್ಲ," ಅಂತ ಗೊಣಗಿ ಕೈ ಎಳೆದುಕೊಂಡು ಹೋದರು. ಪಾಪ. ನನ್ನ ಪರವಾಗಿ ಎಷ್ಟು ಸಿಟ್ಟು!

ಆಮೇಲೆ ಹೆಂಗಸರಿಗೆ ಹಳೆಯ ಕಥೆ ಹೇಳಿದೆ. ಹದಿನೇಳು ವರ್ಷದ ಹಿಂದೆ, ಮೊದಲ ಅಂಗಡಿ ಆರ್ಡರು. ಹದಿನೆಂಟು ಉಂಗುರ. ಹದಿನೆಂಟೂ ವಾಪಸ್ಸು ಬಂದವು. ತಂತಿಯ ತುದಿ ಗೀರುತ್ತಂತೆ, ಸುತ್ತು ಸಡಿಲವಂತೆ. ಇಕ್ಕಳ, ಕಟರ್, ಎಲ್ಲ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿಸಿದೆ. ನನ್ನ ಕೈಗೆ ಇದು ಬರಲ್ಲ ಅಂತ ಮೂರು ವಾರ ಅತ್ತೆ. ಒಂದು ಬೆಳಿಗ್ಗೆ ಮೇಷ್ಟ್ರು ಕಾಫಿ ಲೋಟ ಹಿಡಿದು ಎದುರಿಗೆ ಕೂತಿದ್ದರು. ಬೆರಳಲ್ಲಿ ಉಂಗುರ. ಎರಡು ವರ್ಷ ಚಾಕ್‌ಪುಡಿ, ನೀರು, ಸೋಪು ತಿಂದೂ ಅಲ್ಲಾಡಿಲ್ಲ. ಇದೊಂದು ನಿಂತಿದೆಯಲ್ಲ, ಅಂದರೆ ನನ್ನಿಂದ ಆಗುತ್ತೆ ಅಂದುಕೊಂಡೆ. ಅವತ್ತೇ ಪೆಟ್ಟಿಗೆ ಇಳಿಸಿದೆ.



ಮಾರ್ಚ್ 8, ಭಾನುವಾರ, ಸಂಜೆ 7



ಬೀರುವಿನ ಮೇಲಿನ ತಂತಿ ಸುರುಳಿ ತೆಗೆದುಕೊಡಿ ಅಂದೆ. ನಾನೇ ಅಂದೆ. ಸ್ಟೂಲು ವಾಲಿತು. ಮೇಷ್ಟ್ರು ಬಲಗೈ ಊರಿ ಬಿದ್ದರು. ಮುಂಗೈ ಮುರಿಯಿತು. ಉಂಗುರ ಇರುವುದೂ ಆ ಕೈಯಲ್ಲೇ.

ನನ್ನ ನಾದಿನಿ, ಅವರ ತಂಗಿ, ಮೂಳೆ ಡಾಕ್ಟರ ಹತ್ತಿರ ನರ್ಸು. ಅಲ್ಲಿಗೇ ಆಟೋದಲ್ಲಿ ಹೋದೆವು. ತಲುಪುವಷ್ಟರಲ್ಲಿ ಬೆರಳು ಊದಿ ಬದನೆಕಾಯಿ ಬಣ್ಣ. ಉಂಗುರ ಮಾಂಸದೊಳಗೆ ಹೂತುಹೋಗಿತ್ತು. "ಕಾಲು ಗಂಟೇಲಿ ಇದು ಹೊರಗೆ ಬರ್ಬೇಕು. ಇಲ್ಲಾಂದ್ರೆ ಬೆರಳಿಗೇ ಕುತ್ತು," ಅಂದರು ಡಾಕ್ಟರು.

ನಾದಿನಿ ಕಟರ್ ತಂದಳು.

"ಅದನ್ನ ಮುಟ್ಟಿದ್ರೆ ನೋಡು!" ಮೇಷ್ಟ್ರ ಕೂಗು. ಐವತ್ತೈದು ವರ್ಷದ ಮನುಷ್ಯ, ಆಟಿಕೆ ಕಸಿದುಕೊಂಡ ಮಗುವಿನ ಹಾಗೆ.

"ಅಣ್ಣಾ, ಬೆರಳು ಬೇಕೋ ಉಂಗುರ ಬೇಕೋ?"

"ಎರಡೂ."

"ಅತ್ತಿಗೆ, ನೀವಾದ್ರೂ ಹೇಳಿ."

ನಾನು ಚೀಲದಿಂದ ಸಣ್ಣ ಇಕ್ಕಳ ತೆಗೆದೆ. ಕತ್ತರಿಸುವುದು ಬೇಡ, ಬೆಸುಗೆ ಇಲ್ಲದ ಉಂಗುರ, ಸುತ್ತು ಬಿಚ್ಚಿದರೆ ತಾನೇ ಕಳಚುತ್ತೆ ಅಂದೆ. ನಾನು ಸುತ್ತಿದ್ದು, ನಾನು ಬಿಚ್ಚಲಾರೆನೆ? ತುದಿ ಸಿಕ್ಕಿತು. ಹತ್ತೊಂಬತ್ತು ವರ್ಷದಿಂದ ಕೈಗೆ ಗೊತ್ತಿರುವ ದಿಕ್ಕಿಗೆ ಬಿಚ್ಚಿದೆ.

ಬಿಗಿಯಿತು. ಮೇಷ್ಟ್ರು ಚೀರಿದರು. ಎಡವಟ್ಟಾಯಿತೆಂದು ಇನ್ನೊಮ್ಮೆ ಹಿಡಿದೆ. ಇನ್ನೂ ಬಿಗಿಯಿತು. ಕಣ್ಣಿಗೆ ನೀರು ಬಂದು ತಂತಿ ಎರಡೆರಡಾಗಿ ಕಂಡಿತು. ನಾದಿನಿ ಕಟರ್ ಹಿಡಿದು ನನ್ನ ಭುಜಕ್ಕೆ ಆತುಕೊಂಡು ನಿಂತಿದ್ದಳು.

ಆಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಅಂದರು: "ಆ ಕಡೆ ಅಲ್ಲ ಕಣೇ… ಈಚೆಗೆ. ಏಳು ಸುತ್ತು."

ಈಚೆಗೆ ತಿರುಗಿಸಿದೆ. ಬಂತು. ಒಂದು, ಎರಡು… ಏಳು. ಆ ಪಕ್ಕವೂ ಏಳು. ಮಣಿ ನನ್ನ ಮಡಿಲಿಗೆ ಬಿತ್ತು. ಬೆರಳಿಗೆ ನಿಧಾನವಾಗಿ ಜೀವದ ಬಣ್ಣ ಬಂತು.

ಆಮೇಲೆ ಅತ್ತುಬಿಟ್ಟೆ. ಬೆರಳು ಉಳಿದದ್ದಕ್ಕೆ ಅರ್ಧ, ನನ್ನ ಮೊದಲ ಉಂಗುರ ಬರೀ ತಂತಿಯಾಗಿ ಹೋದದ್ದಕ್ಕೆ ಅರ್ಧ. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಗೋಡೆ ನೋಡುತ್ತಿದ್ದರು.

ಮಾರ್ಚ್ 9, ಸೋಮವಾರ, ಬೆಳಿಗ್ಗೆ 6

ಆ ದಿಕ್ಕು. ನಾನು ಎಂದೂ ಹಾಗೆ ಸುತ್ತಿಲ್ಲ. ಕಲಿಯುವಾಗಲೂ ಇಲ್ಲ.

ಹಾಗೆ ಸುತ್ತುವವರು ಎಡಗೈಯವರು.

ಅದೇ ದಿನ, 10 ಗಂಟೆ

ಕೇಳಿಯೇಬಿಟ್ಟೆ. ಮೇಷ್ಟ್ರು ಮೊದಲು ಕಾಫಿ ಆರಿದೆ ಅಂದರು. ಆಮೇಲೆ ಪ್ಲಾಸ್ಟರು ಕಡಿಯುತ್ತಿದೆ ಅಂದರು. ಕೊನೆಗೆ, "ಮೇಜಿನ ಖಾನೇಲಿ ಹಳೇ ಕಂಪಾಸ್ ಡಬ್ಬಿ ಇದೆ, ತಗೊಂಡ್ ಬಾ."

ತಂದುಕೊಟ್ಟೆ. ಕೋನಮಾಪಕದ ಕೆಳಗೆ ಹತ್ತಿಯಲ್ಲಿ ಸುತ್ತಿಟ್ಟ ಒಂದು ಉಂಗುರ. ಮಣಿ ಇಲ್ಲ. ಮಣಿ ಇದ್ದಲ್ಲೇ ತಂತಿ ತುಂಡಾಗಿದೆ. ಒಂದು ಪಕ್ಕ ನಾಲ್ಕು ಸುತ್ತು, ಇನ್ನೊಂದು ಪಕ್ಕ ಆರು. ಆಚೆಗೆ ಸುತ್ತಿದ್ದು.

ನನ್ನದು. ಎಣಿಸುವ ತಾಳ್ಮೆ ನನಗೆ ಆಗಲೂ ಇರಲಿಲ್ಲ!

ಜೊತೆಗೆ ಸೊಟ್ಟಂಬಟ್ಟ ತಂತಿಗಳು. ಹನ್ನೊಂದು. ಆ ದಿನಗಳಲ್ಲಿ ನನ್ನ ಸುರುಳಿಯಿಂದ ಎರಡು ಮಾರು ತಂತಿ ಕಾಣೆಯಾಗಿತ್ತು. ಕುಂಡದ ಬಳ್ಳಿ ಕಟ್ಟಲು ನಾದಿನಿಯೇ ಒಯ್ದಳು ಅಂತ ಹದಿನೇಳು ವರ್ಷ ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ.

"ಆ ವಾರಾನೇ ಕ್ಲಾಸಿನ ಬಾಗಿಲ ಚಿಲಕಕ್ಕೆ ಸಿಕ್ಕಿ ತುಂಡಾಯ್ತು ಕಣೇ," ಅಂದರು. "ನೀನು ಪೆಟ್ಟಿಗೆ ಅಟ್ಟಕ್ಕೆ ಹಾಕ್ಸಿದ್ದೆ. ಹದಿನೆಂಟು ವಾಪಸ್ ಬಂದಿದ್ವು. ಇದು ಹತ್ತೊಂಬತ್ತನೇದು ಅಂತ ಹೇಗೆ ಹೇಳ್ಲಿ?"

"ಅದಕ್ಕೆ?"

"ಸ್ಟಾಫ್ ರೂಮಲ್ಲಿ ಕೂತು ಮಾಡ್ದೆ. ಹನ್ನೆರಡನೇದು ನಿಂತ್ಕೊಳ್ತು. ಸುತ್ತು ಎಷ್ಟಿತ್ತು ಅಂತ ನೋಡದೆ, ಎರಡೂ ಕಡೆ ಸಮ ಇರ್ಲಿ ಅಂತ…"

ಎದ್ದು ಅಡುಗೆಮನೆಗೆ ಹೋದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ, ಸದ್ದು ಮಾಡಿಕೊಂಡು. ಕೋಪ. ಹದಿನೇಳು ವರ್ಷ ಯಾವ ಉಂಗುರ ನಂಬಿ ಕೆಲಸ ಮಾಡಿದೆನೋ ಅದು ನನ್ನದಲ್ಲ. ನನ್ನದು ಎರಡು ವರ್ಷಕ್ಕೇ ಮುರಿದಿತ್ತು. ಹಾಗಾದರೆ ನನ್ನ ಕೈ? ಇಷ್ಟು ದಿನ ಮಾಡಿದ್ದೆಲ್ಲ?

ಸಂಜೆ 5

ಮೇಜಿನ ಮೇಲಿನ ಟ್ರೇ ಎಳೆದುಕೊಂಡು ಕೂತೆ. ಹೋದ ವಾರದ ನಾಲ್ಕೂ ಉಂಗುರವನ್ನು ಜಗ್ಗಿ, ಅಲ್ಲಾಡಿಸಿ, ಕೆನ್ನೆಗೆ ಉಜ್ಜಿ ನೋಡಿದೆ. ಎಲ್ಲೂ ಗೀರಲಿಲ್ಲ. ಒಂದೂ ಸಡಿಲವಿಲ್ಲ. ಇವು ನನ್ನವು.

ಅವರದ್ದು ಸುಳ್ಳು. ಆದರೆ ಆ ಸುಳ್ಳನ್ನು ಇಕ್ಕಳ ಹಿಡಿಯಲು ಬಾರದ ಕೈಯಲ್ಲಿ ಹನ್ನೆರಡು ಸಲ ಸುತ್ತಿದ್ದಾರೆ. ನಾನು ಊರವರ ಮುಂದೆಲ್ಲ ಹಂಗಿಸಿದರೂ ಬಾಯಿ ಬಿಟ್ಟಿಲ್ಲ. ಈ ಮನುಷ್ಯನ ಮೇಲೆ ನನಗೆ ತಡೆಯಲಾರದಷ್ಟು ಪ್ರೀತಿ ಬರುತ್ತಿದೆ. ಹೇಳುವುದಿಲ್ಲ. ಬೀಗುತ್ತಾರೆ.

ಹೇಳಿದೆ. ಬೀಗಿದರು.

ಮಾರ್ಚ್ 12, ಗುರುವಾರ

ಹೆಂಗಸರಿಗೆ ನಿಜ ಒಪ್ಪಿಸಿದೆ. "ಆ ಕೆಟ್ಟ ಉಂಗುರ ನಂದಲ್ಲಮ್ಮ, ಇವರದು." ಎಡಗೈಯವಳು ಎದ್ದು ಸೀದಾ ಮೇಷ್ಟ್ರ ಹತ್ತಿರ ಹೋದಳು. "ಸರ್, ನೀವೇ ಹೇಳ್ಕೊಡಿ. ಮೇಡಂದು ನನಗೆ ತಲೆಗೇ ಹೋಗ್ತಿಲ್ಲ." ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಹತ್ತು ನಿಮಿಷ ತಂತಿ, ಇಪ್ಪತ್ತು ನಿಮಿಷ ಗಣಿತ.

ಏಪ್ರಿಲ್ 19, ಭಾನುವಾರ, ಬೆಳಿಗ್ಗೆ 10

ನಿನ್ನೆ ಪ್ಲಾಸ್ಟರು ಬಿಚ್ಚಿದರು. ಬೆರಳಿನ ಊತ ಪೂರ್ತಿ ಇಳಿದಿದೆ. ಬರಿ ಬೆರಳು ನೋಡಲು ಅಪರಿಚಿತರ ಬೆರಳಿನಂತಿದೆ. ಹೊಸದು ಮಾಡಿಕೊಡ್ತೀನಿ, ಈಗ ಚೆನ್ನಾಗಿ ಬರುತ್ತೆ ಅಂದೆ. "ಹೊಸದು ಯಾರಿಗೆ ಬೇಕು? ಡಬ್ಬೀಲಿರೋದು ಕೊಡು."

ಬೆಳಿಗ್ಗೆಯಿಂದ ಅದೇ ಕೆಲಸ. ತುಂಡಾದ ಕಡೆ ಹೊಸ ತಂತಿ ಬಿಗಿದು, ಹಸಿರು ಮಣಿಯನ್ನು ಅದರ ಮನೆಗೆ ಸೇರಿಸಿದೆ. ನಾಲ್ಕು ಸುತ್ತು ನಾಲ್ಕೇ, ಆರು ಆರೇ. ತಿದ್ದಲಿಲ್ಲ. ಬೆರಳಿಗೆ ತೊಡಿಸಿ ಚೀಟಿ ಕೈಗೆ ಕೊಟ್ಟೆ. ನೀರು ಬೇಡ, ಸೆಂಟು ಬೇಡ, ಮಲಗುವಾಗ ತೆಗೆದಿಡಿ. ಓದಿ, ಮಡಿಸಿ, ಕಂಪಾಸ್ ಡಬ್ಬಿಗೆ ಹಾಕಿದರು. ಹೋಗಿ ಸ್ನಾನ ಮಾಡಿ ಬಂದರು, ಉಂಗುರದ ಸಮೇತ.

ಈಗ ಎದುರಿಗೆ ಕೂತಿದ್ದಾರೆ. ಆಸ್ಪತ್ರೆಯಲ್ಲಿ ಬಿಚ್ಚಿದ ತಂತಿಯನ್ನು ನೇರ ಮಾಡಿಕೊಂಡು, ನನ್ನ ಕೊನೆಯ ನೀಲಿ ಮಣಿಯನ್ನು ಕೇಳದೆ ಎತ್ತಿಕೊಂಡು. ಎಡಗೈಯಲ್ಲಿ ಇಕ್ಕಳ, ತುಟಿಯಲ್ಲಿ ಎಣಿಕೆ. ಬೈಯಬೇಕೆಂದುಕೊಂಡೆ. ಮಣಿಯ ಪಕ್ಕ ಸುತ್ತು ಸಾಲಾಗಿ ಕೂರುತ್ತಿದೆ… ನನಗಿಂತ ಸಮ. ಸುಮ್ಮನೆ ಬರೆಯುತ್ತಾ ಕೂತಿದ್ದೇನೆ.

"ಬೆರಳು ಕೊಡೇ."

"ಯಾವುದು ರೀ?"

"ಪೆನ್ನು ಹಿಡ್ದಿದೀಯಲ್ಲ, ಅದೇ."

ಅಳತೆಯನ್ನೇ ತೆಗೆದುಕೊಂಡಿಲ್ಲ! ಗಣಿತದ ಮೇಷ್ಟ್ರು! ಈ ಸಾಲು ಮುಗಿಸಿ ಬರ್ತೀನಿ ಅಂದೆ. ಏಳನೇ ಸುತ್ತಲ್ಲಿದೀನಿ, ಕೈ ಬಿಟ್ರೆ ಬಿಚ್ಕೊಳತ್ತೆ ಅಂತ ಕೂಗುತ್ತಿದ್ದಾರೆ. ಆಯ್ತು ರೀ, ಬಂದೆ, ಪೆನ್ನು ಇಡ್ತೀನಿ, ಇದೊಂದೇ — ನಾನು ಈ ಬೆರಳಿಂದ ಉಂಗುರವನ್ನು ಇನ್ನು